2025ರ ಸಿನಿಮಾ, ಹಾಡು, ಗೇಮ್: ಕಿವಿಯಲ್ಲಿ ಉಳಿದದ್ದು ಯಾವುದು?

ಮೈಕ್‌ಸೆಟ್ ಕದ್ರಿ

ವರ್ಷ ಮುಗಿಯುತ್ತಾ ಬಂತು. ಎಲ್ಲರೂ ಟಾಪ್ ಟೆನ್ ಹಾಕುತ್ತಿದ್ದಾರೆ. ನನಗೆ ಆ ಪಟ್ಟಿ ಬೇಡ. ಈ ವರ್ಷ ನೋಡಿದ್ದು, ಆಡಿದ್ದು, ಕೇಳಿದ್ದು ಇಷ್ಟರಲ್ಲಿ ನಿಮ್ಮ ಕಿವಿಯಲ್ಲಿ ಉಳಿದದ್ದು ಯಾವುದು ಹೇಳಿ. ಕಲೆಕ್ಷನ್, ಗ್ರಾಫಿಕ್ಸ್, ಹೀರೋ ಎಂಟ್ರಿ ಎಲ್ಲ ಸ್ವಲ್ಪ ಬದಿಗಿಡಿ.

ನಾನು ಸೌಂಡ್ಸ್‌ನವ. ಮದುವೆ, ಮೆಹೆಂದಿ, ಯಕ್ಷಗಾನ, ತುಳು ನಾಟಕ, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಬಾಕ್ಸ್ ಹೊರುತ್ತೇನೆ. ಸಿನಿಮಾಕ್ಕೆ ಹೋದರೂ ಕಿವಿಯೇ ಮೊದಲು ಡ್ಯೂಟಿಗೆ ಹಾಜರಾಗುತ್ತದೆ. ಎಂತ ಮಾಡುವುದು.

ನನ್ನ ಲೆಕ್ಕ ಹೀಗೆ. ಈ ವರ್ಷ ಜಾಸ್ತಿ ಶಬ್ದ ಮಾಡಿದ್ದು ಕಾಂತಾರ ಚಾಪ್ಟರ್ 1. ಕಿವಿಯಲ್ಲಿ ಉಳಿದದ್ದು ಸು ಫ್ರಮ್ ಸೋ ಅನ್ನುವ ಕಾಮಿಡಿ ಸಿನಿಮಾ.

ಕಾಂತಾರ ಅಕ್ಟೋಬರ್ 2ಕ್ಕೆ ಬಂತು. 2 ಗಂಟೆ 48 ನಿಮಿಷ. ರಥದ ಸೀನ್ ನೋಡುವಾಗ ನಾನೂ ಸೀಟಿನ ತುದಿಯಲ್ಲಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಇಂಟರ್‌ವಲ್ ಹೊತ್ತಿಗೆ ಕಿವಿ ಬಳಲಿತ್ತು. ದೊಡ್ಡ ಶಬ್ದದ ಮೇಲೆ ಇನ್ನೊಂದು ದೊಡ್ಡ ಶಬ್ದ. 2022ರ ಕಾಂತಾರದಲ್ಲಿ ದೈವದ ಆ ಕೂಗು ನೆನಪು ಮಾಡಿ. ಆ ಕೂಗಿನ ಸುತ್ತ ಜಾಗ ಇತ್ತು, ಅದಕ್ಕೇ ಮೈ ಜುಮ್ ಅಂದದ್ದು. ದೈವದ ನೇಮದಲ್ಲೂ ಹಾಗೇ ಅಲ್ವಾ? ವಾಲಗ, ತೆಂಬರೆಯ ಬಡಿತ ನಿಂತ ಮೇಲೆ ಕಾಲಿನ ಗಗ್ಗರ ಒಮ್ಮೆ ಅಲುಗಿದರೆ ಸಾಕು. ಮೈಕ್ ಇಲ್ಲದೆಯೂ ಗದ್ದೆಯ ಆಚೆ ಬದಿಯಲ್ಲಿ ನಿಂತವನಿಗೆ ಕೇಳುತ್ತದೆ.

ಸು ಫ್ರಮ್ ಸೋದಲ್ಲಿ ಕಿವಿಗೆ ಕೆಲಸ ಉಂಟು. ನಾಲ್ಕೈದು ಮಂದಿ ಒಟ್ಟಿಗೆ ಮಾತಾಡುತ್ತಾರೆ, ಆದರೂ ಯಾರ ಮಾತೂ ಮುಳುಗುವುದಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಮತ್ತೆ ಅದರಲ್ಲಿರುವ ತುಂಬಾ ಜನ ತುಳು ರಂಗಭೂಮಿಯವರು. ತುಳು ನಾಟಕಕ್ಕೆ ನಾವು ಸ್ಟೇಜಿನ ಮೇಲಿಂದ ಮೈಕ್ ನೇತು ಹಾಕುತ್ತೇವೆ. ಪಳಗಿದ ಕಲಾವಿದ ಆ ಮೈಕಿನ ಕೆಳಗೆ ಬಂದು ನಿಲ್ಲುತ್ತಾನೆ, ಡೈಲಾಗ್ ಹೊಡೆಯುತ್ತಾನೆ, ಜನ ನಕ್ಕು ಆ ನಗು ಇಳಿಯುವವರೆಗೆ ಕಾಯುತ್ತಾನೆ, ಆಮೇಲೆ ಮುಂದಿನ ಮಾತು. ಆ ಕಾಯುವ ಅಭ್ಯಾಸ ಈ ಸಿನಿಮಾದಲ್ಲಿ ಎದ್ದು ಕಾಣುತ್ತದೆ.

ಈಗ ನಿಮ್ಮದು ಹೇಳಿ.

ಗೋಳಿಬಜೆ

ನನ್ನ ಕಿವಿಯಲ್ಲಿ ಉಳಿದದ್ದು ಹಿಂದಿನ ಸೀಟಿನವ ಪಾಪ್‌ಕಾರ್ನ್ ಜಗಿದ ಶಬ್ದ. ಅದಕ್ಕೂ ನಾನೇ ದುಡ್ಡು ಕೊಟ್ಟ ಹಾಗೆ ಆಯಿತು.

ಕುಂದಾಪ್ರದವಳು

ಮೈಕ್‌ಸೆಟ್ ಅಣ್ಣ, ಶಬ್ದದ ವಿಷಯದಲ್ಲಿ ನಿಮ್ಮದು ಸ್ವಲ್ಪ ಏಕಪಕ್ಷ. ಚಾಪ್ಟರ್ 1 ರಾಜರ ಕಾಲದ ಯುದ್ಧದ ಕಥೆ. ಕದಂಬರ ಕಾಲ, ಬಂದರು, ಸೈನ್ಯ, ಕುದುರೆ. ಅಲ್ಲಿ ಶಬ್ದ ಇಲ್ಲದೆ ಇನ್ನೇನು ಇರಬೇಕು? ಅಜನೀಶ್ ಲೋಕನಾಥ್ ಎರಡೂ ಸಿನಿಮಾಕ್ಕೆ ಒಂದೇ ಥರ ಸಂಗೀತ ಕೊಟ್ಟಿದ್ದರೆ ಆಗಲೂ ನೀವೇ ಬೈಯುತ್ತಿದ್ದಿರಿ.

ನನ್ನ ಬೇಸರ ಬೇರೆ. ಮೊದಲ ಕಾಂತಾರ ಮಾತಾಡಿದ್ದು ನಮ್ಮ ಕುಂದಾಪ್ರ ಕನ್ನಡ. ಥಿಯೇಟರ್‌ನಲ್ಲಿ ನನ್ನ ಅಮ್ಮ ಪರದೆಗೆ ಉತ್ತರ ಕೊಡುತ್ತಿದ್ದರು, ಪಕ್ಕದ ಮನೆಯವರು ಏನೋ ಕೇಳಿದ ಹಾಗೆ. ಈ ಸಲ ಆ ಮಾತಿನ ಉಪ್ಪು ಕಡಿಮೆ. ಕದಂಬರ ಕಾಲದಲ್ಲಿ ಹೇಗೆ ಮಾತಾಡುತ್ತಿದ್ದರು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಲ್ಲರಿಗೂ ಹೊಂದುವ ಕನ್ನಡ ಇಟ್ಟಿರಬಹುದು. ಅರ್ಥ ಆಗುತ್ತದೆ. ಆದರೂ ಅಮ್ಮ ಈ ಸಲ ಸುಮ್ಮನೆ ಕೂತು ನೋಡಿದರು.

ಇನ್ನು ಸು ಫ್ರಮ್ ಸೋ. ನಕ್ಕಿದ್ದೇನೆ, ತುಂಬಾ ನಕ್ಕಿದ್ದೇನೆ. ಆದರೆ ಕಥೆ ಶುರುವಾಗುವುದು ಒಬ್ಬ ಹುಡುಗ ಬಚ್ಚಲಿಗೆ ಇಣುಕಲು ಹೋಗಿ ಸಿಕ್ಕಿಬಿದ್ದು, ಮೈಮೇಲೆ ದೆವ್ವ ಬಂದ ನಾಟಕ ಮಾಡುವುದರಿಂದ. ಅದನ್ನು ಊರು ನಗುತ್ತಾ ದಾಟಿಬಿಡುತ್ತದೆ. ಕೊನೆಗೆ ಒಬ್ಬ ಹೆಣ್ಣಿನ ಕಷ್ಟಕ್ಕೆ ಅದೇ ಹುಡುಗ ನಿಲ್ಲುತ್ತಾನೆ, ಸರಿ. ಆದರೆ ಮೊದಲ ಹುಡುಗಿಯ ಮಾತು ನಮಗೆ ಕೇಳಿಸಲೇ ಇಲ್ಲ. ಇಷ್ಟು ಜನರ ಮಾತು ಮುಳುಗಲಿಲ್ಲ ಅಂತ ಹೇಳಿದಿರಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉರ್ವಸ್ಟೋರ್ ಹುಡುಗ

ಅಕ್ಕ, ಕಾಮಿಡಿ ಸಿನಿಮಾವನ್ನು ಕಾಮಿಡಿ ಹಾಗೆ ನೋಡಿ ಮಾರಾಯ್ರೆ.

ಕುಂದಾಪ್ರದವಳು

ಕಾಮಿಡಿ ಹಾಗೆಯೇ ನೋಡಿದ್ದು. ಅದಕ್ಕೇ ನಗು ಎಲ್ಲಿ ನಿಂತಿತು ಅಂತ ಗೊತ್ತಾದದ್ದು.

ಬಿಜೈ ಬಾಲ್ಕನಿ

ಮಧ್ಯೆ ಬಾಯಿ ಹಾಕುತ್ತೇನೆ. ನಾನು ರೀಲಿನ ಕಾಲದಿಂದ ಪ್ರೊಜೆಕ್ಟರ್ ರೂಮಿನಲ್ಲಿ ಕೆಲಸ ಮಾಡಿದವ, ಈಗ ನಿವೃತ್ತ. ಶಬ್ದದ ಬಗ್ಗೆ ಸಿನಿಮಾದವರನ್ನು ಬೈಯುವ ಮೊದಲು ಥಿಯೇಟರಿನ ಫೇಡರ್, ಅಂದರೆ ಶಬ್ದ ಏರಿಳಿಸುವ ಗುಂಡಿ, ನೋಡಬೇಕು.

ಡಾಲ್ಬಿ ಪ್ರೊಸೆಸರ್‌ನಲ್ಲಿ ಒಂದು ನಂಬರ್ ಇರುತ್ತದೆ. 7 ಅಂದರೆ ಮಿಕ್ಸಿಂಗ್ ಸ್ಟುಡಿಯೋದಲ್ಲಿ ಯಾವ ಮಟ್ಟದಲ್ಲಿ ಕೇಳಿದರೋ ಅದೇ ಮಟ್ಟ. ಸಂಭಾಷಣೆ ಹೆಚ್ಚಾಗಿ ಬರುವುದು ಪರದೆಯ ಹಿಂದಿನ ನಡುವಿನ ಸ್ಪೀಕರ್‌ನಿಂದ. ಈಗಿನ ಸಿನಿಮಾಗಳನ್ನು ಜೋರಾಗಿ ಮಿಕ್ಸ್ ಮಾಡುತ್ತಾರೆ. 7ರಲ್ಲಿ ಹಾಕಿದರೆ ಮಕ್ಕಳು ಅಳುತ್ತವೆ, ಹಿರಿಯರು ಕೌಂಟರಿಗೆ ಬಂದು ಗಲಾಟೆ ಮಾಡುತ್ತಾರೆ. ಆಪರೇಟರ್ ಎಂತ ಮಾಡುತ್ತಾನೆ? 5ಕ್ಕೆ ಇಳಿಸುತ್ತಾನೆ. ಕೆಲವು ಕಡೆ 4.5. ಬೊಬ್ಬೆಯ ಜೊತೆ ಮಾತೂ ಇಳಿಯುತ್ತದೆ. ಆಗ ಫೈಟ್ ಕೇಳುತ್ತದೆ, ಪಿಸುಮಾತು ಕೇಳುವುದಿಲ್ಲ. ಮರುದಿನ ಇನ್ನೊಬ್ಬ ಬಂದು ಮಾತು ಕೇಳುವುದಿಲ್ಲ ಅಂತ ಬೈಯುತ್ತಾನೆ. ಎರಡೂ ಕಡೆಯ ಬೈಗುಳ ತಿಂದವ ನಾನು.

ಮಾತೇ ಪ್ರಧಾನವಾದ ಸಿನಿಮಾ 5ರಲ್ಲೂ ನಿಲ್ಲುತ್ತದೆ. ತುಂಬಿ ತುಳುಕುವ ಮಿಕ್ಸ್ ನಿಲ್ಲುವುದಿಲ್ಲ. ಹಾಗಾಗಿ ಮೈಕ್‌ಸೆಟ್‌ನವರಿಗೆ ಅನಿಸಿದ್ದರಲ್ಲಿ ಅರ್ಧ ಸಿನಿಮಾದ್ದು, ಅರ್ಧ ಆ ಕೋಣೆಯದ್ದು.

ಮೈಕ್‌ಸೆಟ್ ಕದ್ರಿ

ಬಾಲ್ಕನಿ ಅಣ್ಣ, ಇಂಥ ಮಾತಿಗೇ ಈ ಚರ್ಚೆ ಹಾಕಿದ್ದು. ನಾನು ನೋಡಿದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಎಡಗಡೆಯ ಸರೌಂಡ್ ಸ್ಪೀಕರ್ ಒಂದು ಕರಕರ ಅನ್ನುತ್ತಿತ್ತು. ಹೊರಗೆ ಬಂದು ಹೇಳಿದೆ. ಹುಡುಗ ನನಗೆ ಫೀಡ್‌ಬ್ಯಾಕ್ ಫಾರ್ಮ್ ಕೊಟ್ಟ. ಆದರೆ ಆಮೇಲೆ ಬೇರೆ ಥಿಯೇಟರಿನಲ್ಲಿ, ಸರಿಯಾದ ಸೌಂಡಿನಲ್ಲೂ ನೋಡಿದೆ. ಆಗಲೂ ನನ್ನ ಮಾತು ಅದೇ. ಉಸಿರಾಡಲು ಬಿಡುವುದಿಲ್ಲ.

ಇನ್ನೊಂದು, ಈ ಕರಕರಕ್ಕೆ ನಾವು ಕೊಡುವ ರೇಟ್ ನೋಡಿ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ತಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದೊಡ್ಡ ಸಿನಿಮಾ ಬರುವ ಹೊತ್ತಿಗೆ ನಾವು ಮತ್ತೆ ಹಳೇ ಕ್ಯೂನಲ್ಲಿ.

ಗೋಳಿಬಜೆ

200 ರೂಪಾಯಿಗೆ ಸಿಂಗಲ್ ಸ್ಕ್ರೀನಿನಲ್ಲಿ ನೋಡಿ, ಉಳಿದ ದುಡ್ಡಿಗೆ ಹೊರಗೆ ಬಂದು ಗಡ್‌ಬಡ್ ಐಸ್‌ಕ್ರೀಂ ತಿನ್ನಿ. ಇದು ನನ್ನ ವಿಮರ್ಶೆ.

ಪಡುಬಿದ್ರಿ ಪ್ಲೇಯರ್

ಸಿನಿಮಾದವರೇ ಎಲ್ಲ ಜಾಗ ಹಿಡಿದಿರಿ. ತಲೆಬರಹದಲ್ಲಿ ಗೇಮ್ ಅಂತಲೂ ಉಂಟಲ್ಲ.

ನನ್ನ ಕಿವಿಯಲ್ಲಿ ಉಳಿದದ್ದು ಸಿಲ್ಕ್‌ಸಾಂಗ್ ಅನ್ನುವ ಗೇಮಿನ ಗಂಟೆಗಳು. 2019ರ ಫೆಬ್ರವರಿಯಲ್ಲಿ ಘೋಷಣೆ, 2025ರ ಸೆಪ್ಟೆಂಬರ್ 4ಕ್ಕೆ ಬಿಡುಗಡೆ. ಆವತ್ತು ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಮಲಗಿಬಿಟ್ಟಿತು, ಅಷ್ಟು ಜನ ಒಟ್ಟಿಗೆ ನುಗ್ಗಿದ್ದರು. ಮಾಡಿದವರು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ, ಬೆರಳೆಣಿಕೆಯ ಮಂದಿ. ಬೆಲೆ 20 ಡಾಲರ್. ದೊಡ್ಡ ಕಂಪನಿಗಳು 70 ಡಾಲರ್ ಕೇಳುವ ಕಾಲದಲ್ಲಿ. ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಫ್ಯಾನ್ ಮಾತ್ರ ಸ್ವಲ್ಪ ಕೂಗುತ್ತದೆ.

ಅದರ ಲೋಕದ ತುಂಬ ಗಂಟೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಗಂಟೆ ಬಾರಿಸಿ ಒಂದು ದೊಡ್ಡ ಪ್ರಾಣಿಯನ್ನು ಕರೆಯಬೇಕು. ಕತ್ತಲಿನ ಗುಹೆಯಲ್ಲಿ ದಾರಿ ತಪ್ಪಿ, ಜೀವ ಒಂದು ಚುಕ್ಕಿ ಉಳಿದಿರುವಾಗ ದೂರದಲ್ಲಿ ಒಂದು ಪರಿಚಿತ ದನಿ ಕೇಳುತ್ತದೆ. ನಕ್ಷೆ ಮಾರುವ ಶಕ್ರಾ ಹಾಡಿಕೊಳ್ಳುತ್ತಿರುತ್ತಾಳೆ. ಪರದೆಯಲ್ಲಿ ಇನ್ನೂ ಏನೂ ಕಾಣುವುದಿಲ್ಲ. ಹಾಡು ಜೋರಾದ ಕಡೆಗೆ ನಡೆದರೆ ಆಯಿತು. ಬಾಣ ಗುರುತು ಬೇಡ, ಕಿವಿಯೇ ದಾರಿ. ಮೈಕ್‌ಸೆಟ್ ಅಣ್ಣ, ನಿಮ್ಮ ಗಗ್ಗರದ ಮಾತು ಓದಿದಾಗ ನನಗೆ ಅದೇ ನೆನಪಾದದ್ದು.

ಬೈಯುವುದೂ ಉಂಟು. ಶುರುವಿನಲ್ಲಿಯೇ ಶತ್ರುಗಳು ಒಂದು ಹೊಡೆತಕ್ಕೆ ಎರಡು ಜೀವ ತೆಗೆಯುತ್ತಾರೆ. ಕೂತು ಸುಧಾರಿಸಿಕೊಳ್ಳುವ ಬೆಂಚಿಗೂ ಕೆಲವು ಕಡೆ ದುಡ್ಡು. ಬಾಸ್ ಅಂದರೆ ದೊಡ್ಡ ಶತ್ರು, ಅವನ ಕೈಲಿ ಸತ್ತರೆ ಅರ್ಧ ಊರು ಮತ್ತೆ ಓಡಿ ಬರಬೇಕು. ಜನ ಬೊಬ್ಬೆ ಹಾಕಿದ ಮೇಲೆ ಮೊದಲ ಪ್ಯಾಚ್‌ನಲ್ಲಿ, ಅಂದರೆ ತಿದ್ದುಪಡಿಯಲ್ಲಿ, ಶುರುವಿನ ಎರಡು ಬಾಸ್‌ಗಳನ್ನು ಸ್ವಲ್ಪ ಸಡಿಲ ಮಾಡಿದರು. ನನ್ನ ಕೇಳಿದರೆ ಬೆಂಚಿಗೆ ದುಡ್ಡು ಕೇಳುವುದು ಅತಿಯಾಯಿತು.

ಮಣಿಪಾಲ ಹಾಸ್ಟೆಲ್

ನಾನು ಹೊಸಪೇಟೆ ಕಡೆಯವನು, ಓದಲು ಇಲ್ಲಿ ಬಂದಿದ್ದೇನೆ. ಸಿಲ್ಕ್‌ಸಾಂಗ್ ಒಳ್ಳೆಯದೇ. ಆದರೆ ವರ್ಷದ ಸಂಗೀತ ಅಂದರೆ ಎಕ್ಸ್‌ಪೆಡಿಷನ್ 33. ಏಪ್ರಿಲ್ 24ಕ್ಕೆ ಬಂತು, ಡಿಸೆಂಬರ್‌ನಲ್ಲಿ ದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಸೇರಿ ಒಂಬತ್ತು ಪ್ರಶಸ್ತಿ. ಫ್ರಾನ್ಸ್‌ನ ಮೊಂಪೆಲಿಯೆ ಊರಿನ ಸ್ಟುಡಿಯೋ. ಸಂಗೀತ ಲೊರಿಯನ್ ಟೆಸ್ಟಾರ್ ಅವರದ್ದು. ಅವರನ್ನು ಸ್ಟುಡಿಯೋದವರು ಕಂಡುಹಿಡಿದದ್ದು ಸೌಂಡ್‌ಕ್ಲೌಡ್‌ನಲ್ಲಿ. ಅಲ್ಲಿಯವರೆಗೆ ಅವರು ಯಾವ ಗೇಮಿಗೂ ಸಂಗೀತ ಮಾಡಿರಲಿಲ್ಲ. ಆಲ್ಬಮ್‌ನಲ್ಲಿ 150ಕ್ಕೂ ಹೆಚ್ಚು ಟ್ರ್ಯಾಕ್ ಇವೆ, ಎಂಟು ಗಂಟೆಯ ಸರಕು. ಇಂಟರ್ನಲ್ಸ್ ಪರೀಕ್ಷೆಗೆ ಓದುವಾಗ ಅದೇ ಹಾಕಿಕೊಂಡಿದ್ದೆ.

ಅದರಲ್ಲಿ ಹೊಡೆದಾಟ ಸರದಿಯ ಪ್ರಕಾರ ನಡೆಯುತ್ತದೆ. ಆದರೆ ಎದುರಾಳಿ ಹೊಡೆಯುವ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಏಟು ತಡೆಯಬಹುದು. ಕಣ್ಣಿಗೆ ಮೋಸ ಮಾಡುವ ಹಾಗೆ ಅವರು ಕತ್ತಿ ಎತ್ತಿ ನಿಲ್ಲಿಸುತ್ತಾರೆ. ಶಬ್ದ ಮೋಸ ಮಾಡುವುದಿಲ್ಲ. ನನ್ನ ರೂಮ್‌ಮೇಟ್ ಹೆಡ್‌ಫೋನ್ ಕಿತ್ತುಕೊಂಡ ರಾತ್ರಿ ನಾನು ಒಂದೂ ತಡೆಯಲಿಲ್ಲ.

ಉರ್ವಸ್ಟೋರ್ ಹುಡುಗ

ಮೂವತ್ತು ಮಂದಿ ಸೇರಿ ಮಾಡಿದ ಗೇಮ್ ಅಂತ ಎಲ್ಲ ಕಡೆ ಓದಿದೆ. ನಿಜವಾ?

ಮಣಿಪಾಲ ಹಾಸ್ಟೆಲ್

ಮೂಲ ತಂಡ ಸುಮಾರು ಅಷ್ಟೇ. ಅದರ ಮೇಲೆ ಹೊರಗಿನ ಅನಿಮೇಷನ್‌ನವರು, ಸಂಗೀತಗಾರರು, ಟೆಸ್ಟಿಂಗ್‌ನವರು. ಕ್ರೆಡಿಟ್ಸ್ ಉದ್ದ ಉಂಟು. ಸಣ್ಣ ತಂಡ ಅನ್ನಬಹುದು, ಮೂವತ್ತೇ ಮಂದಿ ಅಂದರೆ ಉಳಿದವರಿಗೆ ಅನ್ಯಾಯ.

ಮೈಕ್‌ಸೆಟ್ ಕದ್ರಿ

ಒಂದು ಪ್ರಶ್ನೆ. ಗೇಮಿನಲ್ಲಿ ಒಬ್ಬ ಬೇಗ ಆಡುತ್ತಾನೆ, ಇನ್ನೊಬ್ಬ ನಿಧಾನ. ಸಂಗೀತ ಹೇಗೆ ಹೊಂದಿಕೊಳ್ಳುತ್ತದೆ?

ಮಣಿಪಾಲ ಹಾಸ್ಟೆಲ್

ಬೇರೆ ಬೇರೆ ಪದರ ಇಟ್ಟಿರುತ್ತಾರೆ ಅಣ್ಣ. ಸುಮ್ನೆ ತಿರುಗುವಾಗ ಪಿಯಾನೋ ಮಾತ್ರ ಓಡುತ್ತಿರಬಹುದು. ಶತ್ರು ಬಂದ ಕೂಡಲೇ ಡ್ರಮ್ಸ್ ಪದರ ತೆರೆಯುತ್ತದೆ. ನೀವು ಅಲ್ಲೇ ನಿಂತರೆ ಅದೇ ತುಂಡು ಗೊತ್ತಾಗದ ಹಾಗೆ ಮತ್ತೆ ಸುತ್ತುತ್ತದೆ. ಮುಂದೆ ಹೋದರೆ ತಾಳ ಮುಗಿಯುವ ಜಾಗ ನೋಡಿ ಮುಂದಿನ ತುಂಡಿಗೆ ಹಾರುತ್ತದೆ. ಎಲ್ಲ ಗೇಮ್‌ನಲ್ಲೂ ಹೀಗೇ ಅಂತಲ್ಲ, ಒಳ್ಳೆಯದರಲ್ಲಿ ಹೀಗೆ.

ಮೈಕ್‌ಸೆಟ್ ಕದ್ರಿ

ಅರೆ, ಇದು ನಮ್ಮ ಯಕ್ಷಗಾನದ ಹಿಮ್ಮೇಳ ಮಾರಾಯ!

ಭಾಗವತರ ಕಣ್ಣು ಯಾವಾಗಲೂ ವೇಷದ ಮೇಲೆ. ವೇಷಧಾರಿಗೆ ಹುರುಪು ಬಂದು ಇನ್ನೂ ಎರಡು ಸುತ್ತು ಕುಣಿದರೆ ಪದ ಎಳೆಯುತ್ತಾರೆ. ಸುಸ್ತಾದ ಅಂತ ಕಂಡರೆ ಮುಕ್ತಾಯ ಕೊಟ್ಟುಬಿಡುತ್ತಾರೆ. ಚೆಂಡೆಯವ ಭಾಗವತರನ್ನು ನೋಡುತ್ತಾನೆ, ಮದ್ದಳೆಯವ ಇಬ್ಬರನ್ನೂ ನೋಡುತ್ತಾನೆ. ಸಂಗೀತ ಆಟದ ಹಿಂದೆ ನಡೆಯುತ್ತದೆ. ಮಾತುಗಾರಿಕೆ ಶುರುವಾದ ಕೂಡಲೇ ಚೆಂಡೆ ಬಾಯಿ ಮುಚ್ಚುತ್ತದೆ, ಯಾರೂ ಫೇಡರ್ ಎಳೆಯಬೇಕಿಲ್ಲ. ರಾತ್ರಿಯಿಡೀ ಆಟಕ್ಕೆ ಕೂತವರಿಗೆ ಕಿವಿ ನೋಯುವುದಿಲ್ಲ, ಇದೇ ಕಾರಣ.

ಸಿನಿಮಾಕ್ಕೆ ಆ ಸೌಲಭ್ಯ ಇಲ್ಲ. ಒಮ್ಮೆ ಮಿಕ್ಸ್ ಮಾಡಿದರೆ ಮಂಗಳೂರಿಗೂ ಮುಂಬಯಿಗೂ ಅದೇ. ಹಾಗಾಗಿ ಜನ ಎಲ್ಲಿ ನಗುತ್ತಾರೆ, ಎಲ್ಲಿ ಉಸಿರು ಬಿಗಿ ಹಿಡಿಯುತ್ತಾರೆ ಅಂತ ಮೊದಲೇ ಅಂದಾಜು ಮಾಡಿ ಜಾಗ ಬಿಡಬೇಕು. ಸು ಫ್ರಮ್ ಸೋದವರಿಗೆ ನಾಟಕದ ಸ್ಟೇಜಿನಿಂದ ಆ ಅಂದಾಜು ಬಂದಿದೆ. ದೊಡ್ಡ ಬಜೆಟ್‌ನವರಿಗೆ ಜಾಗ ಬಿಡಲು ಹೆದರಿಕೆ. ಜನ ಫೋನ್ ತೆಗೆದುಬಿಟ್ಟರೆ ಅಂತ. ಗೇಮಿನವರು ನಮ್ಮ ಭಾಗವತರ ಹಾಗೆ ಕಾಯಲು ಕಲಿತಿದ್ದಾರೆ ಅಂದರೆ ನಾನು ಒಮ್ಮೆ ಆಡಿ ನೋಡಲೇಬೇಕು.

ಟ್ರಂಪೆಟ್ ಬೊಂದೇಲ್

ಹಾಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾವು ಬ್ರಾಸ್‌ಬ್ಯಾಂಡ್‌ನವರು. ಯಾವ ಹಾಡು ಗೆದ್ದಿದೆ ಅಂತ ಗೊತ್ತಾಗಬೇಕಾದರೆ ನಮ್ಮನ್ನು ಕೇಳಿ. ಕ್ರಿಶ್ಚಿಯನ್ ಮದುವೆಯ ಮುನ್ನಾದಿನದ ರೋಸ್ ಮನೆಯಲ್ಲಿ ಎಣ್ಣೆ, ತೆಂಗಿನಹಾಲು ಹಚ್ಚಿ ಮುಗಿದ ಮೇಲೆ ಮುದುಕರಿಂದ ಮಕ್ಕಳವರೆಗೆ ಒಟ್ಟಿಗೆ ಕುಣಿಯುವ ಹಾಡೇ ಗೆದ್ದ ಹಾಡು.

ಈ ವರ್ಷ ಎಕ್ಕ ಸಿನಿಮಾದ ಬ್ಯಾಂಗಲ್ ಬಂಗಾರಿ. ಚರಣ್ ರಾಜ್ ಸಂಗೀತ, ಆಂಟನಿ ದಾಸನ್ ಹಾಡಿದ್ದು. ಟ್ರಂಪೆಟ್‌ನಲ್ಲಿ ಬಾರಿಸಲು ಸುಲಭ, ಪಲ್ಲವಿಗೆ ಉಸಿರು ಜಾಸ್ತಿ ಬೇಡ. ಸಿನಿಮಾ ಯಾರು ನೋಡಿದ್ದಾರೋ ಬಿಟ್ಟಿದ್ದಾರೋ, ಹಾಡು ಎಲ್ಲರಿಗೂ ಬಾಯಿಪಾಠ. ಸು ಫ್ರಮ್ ಸೋದ ಬಂದರೋ ಬಂದರೋ, ಭಾವ ಬಂದರೋ ಇನ್ನೊಂದು. ಅದನ್ನು ಹಾಡು ಅನ್ನಬೇಕೋ ಬೇಡವೋ, ಚಪ್ಪರದ ಬಾಗಿಲಲ್ಲಿ ಯಾರದ್ದಾದರೂ ಭಾವ ಕಾಣಿಸಿಕೊಂಡರೆ ಹುಡುಗರು ಬಾರಿಸಿ ಅಂತ ಕಣ್ಣು ಹೊಡೆಯುತ್ತಾರೆ.

ಕಾಂತಾರದ ಹೊಸ ಹಾಡು ಬಾರಿಸಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೂ ಬಾರಿಸುವುದಿಲ್ಲ, ಅದು ಬೇರೆ ವಿಷಯ.

ಮೈಕ್‌ಸೆಟ್ ಕದ್ರಿ

ಮೆಹೆಂದಿಯಲ್ಲೂ ಅದೇ ಕಥೆ. ಹತ್ತು ಗಂಟೆಗೆ ಬಂದ್ ಮಾಡಬೇಕು, ಒಂಬತ್ತು ಐವತ್ತಕ್ಕೆ ಮದುಮಗನ ದೋಸ್ತಿಗಳು ಬಂದು ಕೊನೆಯದಾಗಿ ಬಂಗಾರಿ ಅಂತ ನಿಲ್ಲುತ್ತಾರೆ. ಆ ಹಾಡಿನಲ್ಲಿ ಬಾಸ್ ಜಾಸ್ತಿ ಇಲ್ಲ, ತಾಳ ಚೊಕ್ಕ. ಸಣ್ಣ ಬಾಕ್ಸ್‌ನಲ್ಲೂ ಒಡೆಯುವುದಿಲ್ಲ. ಹಾಡು ಮಾಡುವವರು ಇದನ್ನು ಯೋಚಿಸಬೇಕು. ಊರಿನಲ್ಲಿ ಹಾಡು ಬಾಳುವುದು ಆಟೋದ ಸ್ಪೀಕರ್‌ನಲ್ಲಿ.

ಪಡುಬಿದ್ರಿ ಪ್ಲೇಯರ್

ಇನ್ನೊಂದು ಹೇಳಲು ಮರೆಯಬಾರದು. ಕಾಂತಾರ ಬಂದ ಅಕ್ಟೋಬರ್ 2ಕ್ಕೇ ಪಿಎಸ್5 ಗೇಮ್ ಯಂತ್ರದಲ್ಲಿ ಗೋಸ್ಟ್ ಆಫ್ ಯೋತೇ ಬಂತು. 1603ರ ಜಪಾನ್, ಈಗಿನ ಹೊಕ್ಕೈಡೊ. ಅತ್ಸು ಎನ್ನುವ ಹೆಣ್ಣು ತನ್ನ ಮನೆಯವರನ್ನು ಕೊಂದವರನ್ನು ಹುಡುಕುವ ಕಥೆ. ಅವಳ ಬೆನ್ನಲ್ಲಿ ಶಮಿಸೆನ್ ಅನ್ನುವ ಮೂರು ತಂತಿಯ ವಾದ್ಯ ಇರುತ್ತದೆ, ನಮ್ಮ ಕೈಯಲ್ಲೇ ನುಡಿಸಬಹುದು. ಕೆಲವು ಹಾಡು ನುಡಿಸಿದರೆ ಗಾಳಿ ಬೀಸಿ ದಾರಿ ತೋರಿಸುತ್ತದೆ. ಕಥೆ ಹಳೆಯದು, ಕೆಲಸಗಳು ಒಂದೇ ಥರ. ಆದರೆ ಶಮಿಸೆನ್ ಕೈಗೆ ಬಂದಾಗ ಜಪಾನಿಗೆ ಹೋಗಿ ಬಂದ ಹಾಗೆ ಆಯಿತು.

ನಮ್ಮ ತುಳು ಕಥನಗೀತೆ ಪಾಡ್ದನಕ್ಕೆ ಹೀಗೊಂದು ಗೇಮ್ ಯಾಕೆ ಆಗಬಾರದು? ಕಾಡು, ಕಡಲು, ಬೀಡು, ಗರಡಿ, ಎಲ್ಲ ಉಂಟಲ್ಲ ನಮ್ಮಲ್ಲಿ.

ಕುಂದಾಪ್ರದವಳು

ಆಗಲಿ, ಆದರೆ ದೈವವನ್ನು ಆಡುವವರ ಕೈಗೆ ಕೊಡಬೇಡಿ. ಸಿನಿಮಾದ ನಂತರ ಜನ ವೇಷ ಹಾಕಿ ಥಿಯೇಟರಿಗೆ ಬಂದು ಕೂಗಿದ್ದು ಸಾಕಾಗಿಲ್ವಾ? ಸಿನಿಮಾ ಮಾಡಿದ ಹೊಂಬಾಳೆಯವರೇ ಅನುಕರಣೆ ಮಾಡಬೇಡಿ ಅಂತ ಹೇಳಿಕೆ ಕೊಡಬೇಕಾಯಿತು. ಇನ್ನು ಗೇಮ್ ಬಂದರೆ, ತ್ರಿಕೋನದ ಬಟನ್ ಒತ್ತಿ, ದರ್ಶನ ಬರುತ್ತದೆ ಅಂತ ಪರದೆಯಲ್ಲಿ ಬರೆದಿರುತ್ತದೆ. ಯಾರದ್ದೋ ಮನೆಯ ನಂಬಿಕೆ ಅದು. ಕಟ್ಟಿಕೊಂಡು ಬಂದ ಕಟ್ಟುಪಾಡು ಉಂಟು.

ಉರ್ವಸ್ಟೋರ್ ಹುಡುಗ

ಜಪಾನಿನವರು ತಮ್ಮ ದೇವರನ್ನು ಗೇಮಿನಲ್ಲಿ ಇಡುತ್ತಾರೆ, ಏನೂ ಆಗಿಲ್ಲ. ನಾವು ಯಾವುದನ್ನೂ ಮುಟ್ಟಬಾರದು ಅಂದರೆ ಮುಂದಿನ ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಕುಂದಾಪ್ರದವಳು

ನೇಮಕ್ಕೆ ಕರೆದುಕೊಂಡು ಹೋಗಿ ತಮ್ಮ. ವರ್ಷಕ್ಕೊಮ್ಮೆ ಮನೆಯ ಹತ್ತಿರವೇ ಇರುತ್ತದೆ, ಟಿಕೆಟ್ ಇಲ್ಲ.

ಬಿಜೈ ಬಾಲ್ಕನಿ

ನಾನು ಕುಂದಾಪ್ರದ ತಂಗಿಯ ಪರ.

ಪಡುಬಿದ್ರಿ ಪ್ಲೇಯರ್

ಸರಿ ಅಕ್ಕ, ದೈವ ಬೇಡ. ನಾಟಿ ಹಾಡು ಓಬೇಲೆ ಇಡುವ. ನಾಟಿ ಗದ್ದೆಯಲ್ಲಿ ಒಬ್ಬರು ಹೇಳಿಕೊಡುವುದು, ಉಳಿದವರು ಎತ್ತಿಕೊಳ್ಳುವುದು. ತಾಳ ತಪ್ಪಿದರೆ ನೇಜಿ, ಅಂದರೆ ಭತ್ತದ ಸಸಿ, ಓರೆ ನಿಲ್ಲುತ್ತದೆ. ಗೇಮಿಗೆ ಇದಕ್ಕಿಂತ ಎಂತ ಬೇಕು? 2023ರಲ್ಲಿ ವೆಣ್ಬಾ ಅಂತ ಒಂದು ಸಣ್ಣ ಗೇಮ್ ಬಂದಿತ್ತು, ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆ. ಇಡ್ಲಿ, ಪುಟ್ಟು ಮಾಡಬೇಕು, ಅಮ್ಮನ ಹರಿದ ಅಡುಗೆ ಪುಸ್ತಕದ ಅರ್ಧ ಸಾಲು ನೋಡಿ ಊಹಿಸಬೇಕು. ರೇಡಿಯೊದಲ್ಲಿ ಬರುವ ಹಾಡುಗಳು ಒಂದೊಂದು ಕಾಲದ ತಮಿಳು ಸಿನಿಮಾ ಹಾಡಿನ ಧಾಟಿ. ಕತ್ತಿ ಇಲ್ಲ, ಬಾಸ್ ಇಲ್ಲ. ಸಾಸಿವೆ ಸಿಡಿಯುವ ಶಬ್ದಕ್ಕೇ ಅರ್ಧ ಗೇಮ್ ಗೆದ್ದಿತ್ತು.

ಗೋಳಿಬಜೆ

ಪತ್ರೊಡೆ ಗೇಮ್ ಮಾಡಿ. ಹುಣಸೆಹುಳಿ ಕಡಿಮೆ ಹಾಕಿದರೆ ಗಂಟಲು ತುರಿಸಿ ಗೇಮ್ ಓವರ್.

ಕುಂದಾಪ್ರದವಳು

ಇದಕ್ಕೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ.

ಬಾಲ್ಕನಿ ಅಣ್ಣ, ಮೈಕ್‌ಸೆಟ್ ಅಣ್ಣ, ಒಂದು ಉಪಕಾರ. ಚಾಪ್ಟರ್ 1 ಅಕ್ಟೋಬರ್ 31ರಿಂದ ಪ್ರೈಮ್‌ನಲ್ಲಿ ಉಂಟು. ಅಮ್ಮನಿಗೆ ಮತ್ತೆ ಹಾಕಿಕೊಟ್ಟೆ. ಮಾತಿಗೆ ವಾಲ್ಯೂಮ್ ಏರಿಸುವುದು, ಫೈಟಿಗೆ ಇಳಿಸುವುದು, ಇದೇ ಕೆಲಸ. ರಿಮೋಟ್ ಕೈಯಿಂದ ಬಿಡಲಿಕ್ಕಿಲ್ಲ. ಏನು ಮಾಡಬೇಕು?

ಮೈಕ್‌ಸೆಟ್ ಕದ್ರಿ

ಟಿವಿಯದ್ದೇ ಸ್ಪೀಕರ್ ಆದರೆ ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ಸಿಕ್ಕಿದರೆ ಅದನ್ನು ಹಾಕಿ. ಆರು ದಾರಿಯ ಶಬ್ದವನ್ನು ಎರಡು ಸಣ್ಣ ಸ್ಪೀಕರಿಗೆ ತುರುಕುವಾಗ ಮೊದಲು ಮುಳುಗುವುದು ಮಾತು. ಟಿವಿಯ ಸೆಟ್ಟಿಂಗ್‌ನಲ್ಲಿ ಮಾತು ಸ್ಪಷ್ಟ ಮಾಡುವ ಮೋಡ್ ಇರುತ್ತದೆ, ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ನೈಟ್ ಮೋಡ್ ಇದ್ದರೆ ಅದೂ ಹಾಕಿ. ದೊಡ್ಡ ಶಬ್ದ ತಗ್ಗುತ್ತದೆ, ಸಣ್ಣದು ಏರುತ್ತದೆ. ಬಾಸ್ ಬೂಸ್ಟ್ ಇದ್ದರೆ ತೆಗೆದುಬಿಡಿ.

ಬಿಜೈ ಬಾಲ್ಕನಿ

ಟಿವಿ ಗೋಡೆಗೆ ಅಂಟಿಸಿದ್ದರೆ ಸ್ಪೀಕರ್ ಹಿಂದೆ ಅಥವಾ ಕೆಳಗೆ ಮುಖ ಮಾಡಿರುತ್ತದೆ. ಸಣ್ಣದೊಂದು ಸೌಂಡ್‌ಬಾರ್ ಇಟ್ಟರೂ ಮಾತು ಮುಂದೆ ಬರುತ್ತದೆ. ದುಬಾರಿಯದು ಬೇಡ.

ಕುಂದಾಪ್ರದವಳು

ಸ್ಟೀರಿಯೋ ಹಾಕಿದೆ, ಬಾಸ್ ತೆಗೆದೆ. ಈಗ ಮಾತು ಎಲ್ಲ ಕೇಳುತ್ತದೆ. ಅಮ್ಮ ಇಂಟರ್‌ವಲ್‌ವರೆಗೆ ನೋಡಿ, ಇವರು ಯಾವ ಊರಿನ ಕನ್ನಡ ಮಾತಾಡುತ್ತಿದ್ದಾರೆ ಅಂತ ಕೇಳಿದರು. ಅದಕ್ಕೆ ಯಾವ ಬಟನ್ ಒತ್ತಬೇಕು ಹೇಳಿ.